ಕೆರೆಯಲ್ಲಿ ದೊರೆತ ಅಪರಿಚಿತ ಮೀನು: ಗುರುತಿಸುವಿಕೆ ಮತ್ತು ಸುರಕ್ಷಿತ ನಿರ್ವಹಣೆ
(ಬೇಲೂರು, ಹಳೇಬೀಡು ಹಾಗೂ ಅರಸೀಕೆರೆ ಭಾಗದ ಸಾರ್ವಜನಿಕರ ಮಾಹಿತಿಗಾಗಿ)

ಕೆರೆ ಗುತ್ತಿಗೆ, ಮೀನು ಹಿಡಿಯುವ ಪರವಾನಗಿ ಅಥವಾ ಮೀನುಮರಿ ಕೋರಿ ಅರ್ಜಿ ಸಲ್ಲಿಸುವವರಿಗೆ ಕಾಟ್ಲಾ, ರೋಹು, ಮೃಗಾಲ್, ಗೆಂಡೆ, ಕೊರವ ಮೀನುಗಳ ಪರಿಚಯ ಇದ್ದೇ ಇರುತ್ತದೆ. ಆದರೆ ಹುಲಿಕೆರೆ, ಹಳೇಬೀಡು ಸುತ್ತಮುತ್ತ ಕೆರೆಗೆ ಬಲೆ ಅಥವಾ ಗಾಳ ಹಾಕಿದಾಗ ಹಿಂದೆ ಕಂಡಿರದ ಮೀನು ದೊರೆಯುವ ಸಂಭವವೂ ಉಂಟು. ಅಂತಹ ಸಂದರ್ಭದಲ್ಲಿ ಪಾಲಿಸಬೇಕಾದ ನಿಯಮ ಒಂದೇ: ಗುರುತು ಸಿಗುವವರೆಗೆ ಬರಿಗೈಯಲ್ಲಿ ಮುಟ್ಟಬಾರದು, ತಿನ್ನಬಾರದು, ಬೇರೊಂದು ಕೆರೆಗೆ ಬಿಡಬಾರದು.

1. ಗುರುತಿಸುವ ಬಗೆ

ಮೈಮೇಲೆ ಹುರುಪೆ ಇದೆಯೇ, ಮೀಸೆಗಳು ಎಷ್ಟು, ಬೆನ್ನಿನ ರೆಕ್ಕೆ ಗಿಡ್ಡವೋ ಉದ್ದವೋ, ಬಾಯಿ ಎಲ್ಲಿದೆ ಎಂಬ ನಾಲ್ಕು ಅಂಶಗಳನ್ನು ಮೊದಲು ಗಮನಿಸಬೇಕು.

ಅ) ಚೇಳುಮೀನು: ಹುರುಪೆ ಇಲ್ಲದ ಕಪ್ಪು ಮೈ, ನಾಲ್ಕು ಜೊತೆ ಮೀಸೆ, ಬೆನ್ನಿನ ಮೇಲೆ ಗಿಡ್ಡ ರೆಕ್ಕೆ. ಇದು ನಮ್ಮ ನಾಡಿನ ಮೀನೇ ಆಗಿದ್ದು, ಕಿವಿರಿನ ಹಿಂಬದಿಯ ಎರಡೂ ರೆಕ್ಕೆಗಳ ಮುಳ್ಳಿನಲ್ಲಿ ವಿಷವಿರುತ್ತದೆ. ಚುಚ್ಚಿದರೆ ತೀವ್ರ ಉರಿನೋವು ಉಂಟಾಗುತ್ತದೆ.

ಆ) ಆಫ್ರಿಕನ್ ಕ್ಯಾಟ್‌ಫಿಶ್: ಇದಕ್ಕೂ ನಾಲ್ಕು ಜೊತೆ ಮೀಸೆ ಇರುತ್ತದೆ, ಆದರೆ ಬೆನ್ನಿನ ರೆಕ್ಕೆ ಬಾಲದ ಸಮೀಪದವರೆಗೆ ಉದ್ದವಾಗಿರುತ್ತದೆ. ದೇಶೀಯ ಮಾಗೂರ್ ಮೀನಿನ ರೂಪವೂ ಹೀಗೆಯೇ ಇರುತ್ತದೆ. ಮಾಗೂರ್ ಒಂದೂವರೆ ಅಡಿಗಿಂತ ಉದ್ದ ಬೆಳೆಯುವುದು ವಿರಳ. ಆಫ್ರಿಕನ್ ಜಾತಿ ಒಂದು ಮೀಟರ್ ಮೀರಿ ಬೆಳೆಯುತ್ತದೆ.

ಇ) ಸಕ್ಕರ್ ಮೀನು: ಮೈಮೇಲೆ ಮೂಳೆಯಂತಹ ಗಟ್ಟಿ ಕವಚ, ತಲೆಯ ಕೆಳಭಾಗದಲ್ಲಿ ಹೀರುವ ಬಾಯಿ. ದಕ್ಷಿಣ ಅಮೆರಿಕ ಮೂಲದ ಈ ಮೀನು ಮನೆಯ ಗಾಜಿನ ತೊಟ್ಟಿಗಳಿಂದ ಕೆರೆ ಸೇರಿದೆ. ವಿಷವಿಲ್ಲ, ಆದರೆ ಒರಟು ಮುಳ್ಳುಗಳು ಕೈಯನ್ನೂ ಬಲೆಯನ್ನೂ ಹರಿಯುತ್ತವೆ.

2. ಹಿಡಿಯುವ ವಿಧಾನ

ದಪ್ಪ ಕೈಗವಸು ಅಥವಾ ಒದ್ದೆ ಗೋಣಿತಟ್ಟು ಬಳಸಬೇಕು. ಗಾಳವನ್ನು ಇಕ್ಕಳದಿಂದ ಬಿಡಿಸಬೇಕು. ಬಲೆಯಲ್ಲಿ ಒದ್ದಾಡುವ ಮೀನನ್ನು ಕಾಲಿನಿಂದ ಒತ್ತಬಾರದು. ಮಕ್ಕಳನ್ನು ದೂರವಿಡಬೇಕು.

3. ಮುಳ್ಳು ಚುಚ್ಚಿದಲ್ಲಿ

ಗಾಯವನ್ನು ಶುದ್ಧ ನೀರಿನಿಂದ ತೊಳೆದು, ತಾಳಿಕೊಳ್ಳುವಷ್ಟು ಬಿಸಿಯಾದ (ಸುಮಾರು 45 ಡಿಗ್ರಿ ಸೆಲ್ಸಿಯಸ್ ಮೀರದ) ನೀರಿನಲ್ಲಿ 30ರಿಂದ 90 ನಿಮಿಷ ಅದ್ದಿಡಬೇಕು. ನೋವಿರುವ ಕೈಗೆ ಬಿಸಿಯ ಅರಿವು ಕಡಿಮೆ ಇರಬಹುದು. ಆದ್ದರಿಂದ ನೀರನ್ನು ಗಾಯವಾಗದ ಕೈಯಿಂದ ಪರೀಕ್ಷಿಸತಕ್ಕದ್ದು. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಸುಣ್ಣ ಹಚ್ಚುವುದು ಸಲ್ಲದು. ಮುಳ್ಳು ಒಳಗೆ ಮುರಿದಿದ್ದರೆ ಅಥವಾ ಊತ ಏರುತ್ತಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೆರಳಿ, ಧನುರ್ವಾಯು ಚುಚ್ಚುಮದ್ದಿನ ಬಗ್ಗೆಯೂ ವಿಚಾರಿಸಬೇಕು. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

4. ಬೇರೆ ಕೆರೆಗೆ ಏಕೆ ಬಿಡಬಾರದು?

ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಭಾರತ ಸರ್ಕಾರ 2000ರಲ್ಲಿ ನಿಷೇಧಿಸಿದೆ. ಇದು ಇತರ ಮೀನು, ಮರಿ, ಕಪ್ಪೆಗಳನ್ನು ತಿನ್ನುತ್ತದೆ. ಗಾಳಿಯನ್ನೇ ಉಸಿರಾಡಬಲ್ಲ ಕಾರಣ ಒದ್ದೆ ನೆಲದ ಮೇಲೆ ತೆವಳಿ ಮತ್ತೊಂದು ನೀರಿನ ತಾಣವನ್ನೂ ಸೇರಬಲ್ಲದು. 1952ರಲ್ಲಿ ದೇಶಕ್ಕೆ ತಂದ ತಿಲಾಪಿಯಾ, ಅಂದರೆ ಜಿಲೇಬಿ ಮೀನು, ಇಂದು ಊರೂರ ಕೆರೆಗಳಲ್ಲಿ ನೆಲೆಸಿರುವುದನ್ನು ಎಲ್ಲರೂ ಬಲ್ಲರು. ಒಮ್ಮೆ ನೆಲೆಯೂರಿದ ಹೊರನಾಡಿನ ಮೀನನ್ನು ಹೊರಹಾಕುವುದು ಅತಿ ಕಷ್ಟ. ಮೇಲಾಗಿ ಯಗಚಿಯ ನೀರು ಹೇಮಾವತಿಯನ್ನೂ, ಅಲ್ಲಿಂದ ಕಾವೇರಿಯನ್ನೂ ಸೇರುತ್ತದೆ. ಮನೆಯ ತೊಟ್ಟಿಯ ಅಲಂಕಾರಿಕ ಮೀನುಗಳನ್ನು ಕೆರೆಗಾಗಲಿ, ಹುಲಿಕೆರೆಯ ಹೊಯ್ಸಳರ ಕಾಲದ ಕಲ್ಯಾಣಿಯಂತಹ ಪುಷ್ಕರಿಣಿಗಳಿಗಾಗಲಿ ಬಿಡಕೂಡದು.

ಹಾಗೆಂದು ಮೀಸೆಯುಳ್ಳ ಮೀನನ್ನೆಲ್ಲ ಕೊಲ್ಲುವುದೂ ಸರಿಯಲ್ಲ. ದೇಶೀಯ ಮಾಗೂರ್ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲಿ ಅಪಾಯದಲ್ಲಿರುವ ಜಾತಿಯಾಗಿದೆ. ಸಂದೇಹವಿದ್ದಲ್ಲಿ ಮೀನನ್ನು ಮುಚ್ಚಳವಿರುವ ತೊಟ್ಟಿಯಲ್ಲಿ ನೀರು ಹಾಕಿ ಇರಿಸಿ ಮಾಹಿತಿ ನೀಡುವುದೇ ಉತ್ತಮ.

5. ಕರಾವಳಿಗೆ ತೆರಳಿ ಗಾಳ ಹಾಕುವವರಿಗೆ

ತೊರಕೆ ಮೀನಿನ ಬಾಲದ ಮುಳ್ಳು ವಿಷಯುಕ್ತವಾದುದು. ಅದಕ್ಕೂ ಮೇಲಿನ ಬಿಸಿನೀರಿನ ಉಪಚಾರವೇ ಅನ್ವಯಿಸುತ್ತದೆ. ಹೊಟ್ಟೆ ಉಬ್ಬಿಸಿಕೊಳ್ಳುವ ಮೀನನ್ನು ಎಂದಿಗೂ ತಿನ್ನಬಾರದು. ಅದರ ವಿಷ ಬೇಯಿಸಿದರೂ ನಾಶವಾಗುವುದಿಲ್ಲ, ಪ್ರಾಣಾಪಾಯ ಸಂಭವಿಸಬಹುದು. ಗರಗಸ ಮೀನು ಮತ್ತು ತಿಮಿಂಗಿಲ ಶಾರ್ಕ್ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತವಾಗಿದ್ದು, ಅವುಗಳನ್ನು ಹಿಡಿಯುವುದು, ಮಾರುವುದು ಅಪರಾಧ.

6. ಮಾಹಿತಿ ನೀಡುವುದು

ಮೀನಿನ ಪಕ್ಕದ, ಮೇಲಿನ ಹಾಗೂ ಬಾಯಿಯ ಭಾಗದ ಛಾಯಾಚಿತ್ರ ತೆಗೆಯಬೇಕು. ಅಳತೆ ತಿಳಿಯಲು ಪಕ್ಕದಲ್ಲಿ ಸ್ಕೇಲ್ ಇಡಬೇಕು. ಕೆರೆ ಮತ್ತು ಗ್ರಾಮದ ಹೆಸರು, ಹಿಡಿದ ದಿನಾಂಕ, ಅಂದಾಜು ತೂಕವನ್ನು ಬರೆದು ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ತಿಳಿಸಬೇಕು. ಒಂದು ಕೆರೆಯ ಮಾಹಿತಿ ಸಕಾಲದಲ್ಲಿ ದೊರೆತರೆ ಕೆಳಗಿನ ಹಲವು ಕೆರೆಗಳನ್ನು ಕಾಪಾಡಲು ಅನುಕೂಲವಾಗುತ್ತದೆ. ಆದ್ದರಿಂದ ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.