ಕುರಿ ತೊಳೆದ ನೀರು, ಮೀನು ತೊಳೆದ ನೀರು

ಕೊಂಡ್ಲಹಳ್ಳಿಯಂಥ ಕುರಿ ಸೀಮೆಯಲ್ಲಿ ಮಂದೆಗೆ ಉಣುಗು ಹತ್ತಿತೆಂದರೆ ಡೆಲ್ಟಾಮೆಥ್ರಿನ್ ಬಾಟಲಿ ಹೊರಬರುತ್ತದೆ. ಲೀಟರಿಗೆ ಎರಡು-ಮೂರು ಎಂಎಲ್ ಬೆರೆಸಿದರೆ ಬಕೆಟ್ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಕಿವಿಯ ಒಳಗು, ತೊಡೆಸಂದಿ, ಬಾಲದ ಬುಡ ಬಿಡದೆ ಉಜ್ಜಬೇಕು. ಉಣುಗು ಅಡಗುವುದೇ ಅಲ್ಲಿ. ನಾರ್ವೆ, ಸ್ಕಾಟ್ಲೆಂಡ್‌ಗಳ ಕಡಲಲ್ಲಿ ಸಾಲ್ಮನ್ ಮೀನು ಸಾಕುವವರೂ ಇದೇ ಔಷಧಿ ಬಳಸುತ್ತಾರೆ.

ಅಲ್ಲಿನ ಕಾಟ ಕಡಲ ಹೇನಿನದು. ಹೆಸರಿಗಷ್ಟೇ ಹೇನು, ಹುಟ್ಟಿನಲ್ಲಿ ಸಿಗಡಿ-ಏಡಿಗಳ ದಾಯಾದಿ. ಮೀನಿನ ಲೋಳೆ, ಚರ್ಮ, ರಕ್ತವೇ ಅದರ ಊಟ. ಬಲೆಪಂಜರದಲ್ಲಿ ಒತ್ತೊತ್ತಾಗಿ ಮೀನು ತುಂಬಿದರೆ ಅದಕ್ಕೆ ಹಬ್ಬ. ನಾರ್ವೆಯಲ್ಲಿ ಮೀನೊಂದಕ್ಕೆ ಸರಾಸರಿ 0.5 ಬೆಳೆದ ಹೆಣ್ಣು ಹೇನು ಕಾನೂನಿನ ಮಿತಿ. ಕಾಡು ಸಾಲ್ಮನ್ ಮರಿಗಳು ಕಡಲಿಗಿಳಿಯುವ ವಸಂತದಲ್ಲಿ ಅದು 0.2.

ಪಂಜರದ ಸುತ್ತ ಟಾರ್ಪಾಲ್ ಕಟ್ಟಿ, ಸುಮಾರು ಅರ್ಧ ಗಂಟೆ ಔಷಧಿ ನೀರಲ್ಲಿ ಮೀಯಿಸಿ, ಟಾರ್ಪಾಲ್ ಬಿಚ್ಚುತ್ತಾರೆ. ನೀರು ಕಡಲ ಪಾಲು. ಕುರಿಗೆ ಹಚ್ಚುವುದಕ್ಕಿಂತ ಸಾವಿರಾರು ಪಟ್ಟು ತೆಳು, ನಿಜ. ಆದರೆ ಡೆಲ್ಟಾಮೆಥ್ರಿನ್ ನರಗಳಲ್ಲಿ ಸೋಡಿಯಂ ಹಾಯುವ ಬಾಗಿಲನ್ನು ಮುಚ್ಚಗೊಡುವುದಿಲ್ಲ. ಕುರಿಯ ಪಿತ್ತಜನಕಾಂಗ ಅದನ್ನು ಬೇಗ ಒಡೆದುಹಾಕುತ್ತದೆ. ಹೇನಿಗೆ ಅಷ್ಟು ತಾಕತ್ತಿಲ್ಲ, ಅದರ ದಾಯಾದಿಗಳಿಗೂ ಇಲ್ಲ. ಕೆನಡಾದ ಫಂಡಿ ಕೊಲ್ಲಿಯಲ್ಲಿ 2009ರ ಕೊನೆಗೆ ನೂರಾರು ಲಾಬ್‌ಸ್ಟರ್‌ಗಳು ಸತ್ತವು. ಕೊಂದದ್ದು ಇದೇ ಗುಂಪಿನ ಸೈಪರ್‌ಮೆಥ್ರಿನ್. ಅಲ್ಲಿ ಅದನ್ನು ಕಡಲಲ್ಲಿ ಬಳಸಲು ಅನುಮತಿಯೇ ಇರಲಿಲ್ಲ. ಅದನ್ನು ಬಳಸಿದ ಸಾಲ್ಮನ್ ಕಂಪನಿ 2013ರಲ್ಲಿ ತಪ್ಪೊಪ್ಪಿಕೊಂಡು 5 ಲಕ್ಷ ಡಾಲರ್ ತೆತ್ತಿತು.

ನಮ್ಮ ಕಡೆ ಕಡಲಿಲ್ಲ, ಹಳ್ಳ-ಕಟ್ಟೆಗಳಿವೆ. ಡೆಲ್ಟಾಮೆಥ್ರಿನ್ ಜೇಡಿಮಣ್ಣಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಮಣ್ಣಿನ ಸೂಕ್ಷ್ಮಜೀವಿಗಳು ನಿಧಾನಕ್ಕೆ ಅದನ್ನು ಕರಗಿಸುತ್ತವೆ. ಕುರಿ ತೊಳೆದು ಮಿಕ್ಕ ನೀರನ್ನು ಒಣ ನೆಲಕ್ಕೆ ಚೆಲ್ಲಿದರೆ ಹಾನಿ ಕಡಿಮೆ. ಕಟ್ಟೆಯಲ್ಲೇ ಕುರಿ ತೊಳೆದರೆ ಮೀನುಮರಿ, ಏಡಿ ಉಳಿಯವು.

ತೊಗರಿಯ ಕಾಯಿಕೊರಕಕ್ಕೆ ಹೊಡೆಯುವ ಎಮಾಮೆಕ್ಟಿನ್ ಕೂಡ ಕಡಲ ಹೇನಿಗೆಂದು ಸಾಲ್ಮನ್ ಮೇವಿಗೆ ಬೀಳುತ್ತದೆ, ಏಳು ದಿನ. ತಿನ್ನದೆ ಉಳಿದ ಮೇವು, ಮೀನಿನ ಮಲ ಪಂಜರದಡಿಯ ಕೆಸರಲ್ಲಿ ಕೂತು ತಿಂಗಳುಗಟ್ಟಲೆ ಔಷಧಿ ಹಿಡಿದಿಟ್ಟುಕೊಳ್ಳುತ್ತವೆ. ಇದೇ ವಂಶದ ಐವರ್‌ಮೆಕ್ಟಿನ್ ಅನ್ನು ಕುರಿಗೆ ಕೊಟ್ಟರೆ ಹಿಕ್ಕೆಯಲ್ಲಿ ಹೊರಬಿದ್ದು ಸಗಣಿ ಜೀರುಂಡೆಯ ಮರಿಗಳನ್ನು ಕೊಲ್ಲುತ್ತದೆ. ಗೊಬ್ಬರಕ್ಕೆಂದು ಶೇಂಗಾ ಹೊಲದಲ್ಲಿ ಮಂದೆ ತರುಬುವವರಿಗೆ ಇದು ನೇರ ನಷ್ಟ: ಹಿಕ್ಕೆಯನ್ನು ಮಣ್ಣಿಗಿಳಿಸುವ ಕೂಲಿಯಾಳು ಆ ಜೀರುಂಡೆಯೇ.

ಇಷ್ಟಾದರೂ ಹೇನು ಸೋತಿಲ್ಲ. ಡೆಲ್ಟಾಮೆಥ್ರಿನ್, ಎಮಾಮೆಕ್ಟಿನ್ ಎರಡಕ್ಕೂ ಒಗ್ಗಿಕೊಂಡಿದೆ. ನಮ್ಮ ದನಗಳ ಉಣುಗೂ ಹಲವೆಡೆ ಡೆಲ್ಟಾಮೆಥ್ರಿನ್‌ಗೆ ಜಗ್ಗುತ್ತಿಲ್ಲ. ನಾರ್ವೆಯವರು ಈಗ ಬಿಸಿನೀರಲ್ಲಿ ಮೀನು ಅದ್ದುತ್ತಾರೆ, ಹೇನು ಹೆಕ್ಕಿ ತಿನ್ನುವ ಬೇರೆ ಮೀನುಗಳನ್ನು ಪಂಜರಕ್ಕೆ ಬಿಡುತ್ತಾರೆ. ಆ ಮೀನುಗಳೇ ಪಂಜರದೊಳಗೆ ಬಹಳಷ್ಟು ಸಾಯುತ್ತಿವೆ. ಅದು ಬೇರೆಯದೇ ಗೋಳು.