ಉಟ್ಟು ಎಸೆವ ಉಡುಪು
1966ರಲ್ಲಿ ಅಮೆರಿಕದ ಸ್ಕಾಟ್ ಪೇಪರ್ ಕಂಪನಿಯು ತನ್ನ ಸರಕಿನ ಪ್ರಚಾರಕ್ಕಾಗಿ ಕಾಗದದ ಉಡುಪನ್ನು ಒಂದೂಕಾಲು ಡಾಲರಿಗೆ ಮಾರಿತು. ರೇಯಾನ್ ಎಳೆಗಳನ್ನು ಸೇರಿಸಿದ ಕಾಗದವದು. ವರ್ಷದೊಳಗೆ ಸುಮಾರು 5 ಲಕ್ಷ ಉಡುಪುಗಳು ಬಿಕರಿಯಾದವು. ಆದರೆ ಒಗೆದರೆ ಬಾಳದು, ಬೆಂಕಿಯ ಭಯ ಬೇರೆ. ಆ ದಶಕ ಮುಗಿಯುವುದರೊಳಗೆ ಜನರ ಮೋಹ ಇಳಿಯಿತು.

ಕಾಗದದ ಉಡುಪು ಮರೆಯಾದರೂ ಒಮ್ಮೆ ಉಟ್ಟು ಬಿಸಾಡುವ ಪ್ರವೃತ್ತಿ ಮರೆಯಾಗಿಲ್ಲ. ನಮ್ಮ ಸವಳಂಗದ ಕಡೆಯ ಮನೆಗಳಲ್ಲಿಯೂ ಒಂದು ಮದುವೆಗೆ ಉಟ್ಟ ಸೀರೆ ಮತ್ತೊಂದಕ್ಕೆ ಬೇಡವಾಗುತ್ತಿದೆ. ಹಿಂದೆ ತಾಯಂದಿರು ಹಳೆಯ ನೂಲಿನ ಸೀರೆಗಳನ್ನು ಪದರಪದರವಾಗಿ ಹೊಲಿದು ಕೌದಿ ಮಾಡುತ್ತಿದ್ದರು. ಅಜ್ಜಿ ಉಟ್ಟದ್ದು ಮೊಮ್ಮಗುವಿಗೆ ಹೊದಿಕೆಯಾಗುತ್ತಿತ್ತು.

ನೇಯ್ದ ಜೇಡರ ದಾಸಿಮಯ್ಯನವರನ್ನೂ, ಬಟ್ಟೆ ಮಡಿ ಮಾಡಿದ ಮಡಿವಾಳ ಮಾಚಿದೇವರನ್ನೂ ಪೂಜಿಸುವವರು ನಾವು. ಶರಣಬಂಧುಗಳೇ, ಬಟ್ಟೆಯನ್ನು ಬಿಸಾಡುವ ಮುನ್ನ ಅದರೊಳಗಿನ ಕಾಯಕವನ್ನು ಒಮ್ಮೆ ನೆನೆಯೋಣ.