ಟೆನಿಸ್ ಆಡದವರಿಗೂ ‘ಟೆನಿಸ್ ಎಲ್ಬೋ’

2004ರಲ್ಲಿ ಸಚಿನ್ ತೆಂಡೂಲ್ಕರ್ ಎಡ ಮೊಣಕೈ ನೋವಿನಿಂದ ಹಲವು ಪಂದ್ಯಗಳಿಗೆ ಗೈರುಹಾಜರಾದಾಗ ‘ಟೆನಿಸ್ ಎಲ್ಬೋ’ ಎಂಬ ಹೆಸರು ಮನೆಮಾತಾಯಿತು. 2005ರ ಮೇ ತಿಂಗಳಲ್ಲಿ ಅವರಿಗೆ ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಅದೇ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಅವರು 35ನೇ ಟೆಸ್ಟ್ ಶತಕ ಬಾರಿಸಿದರು. ಆದರೆ ಈ ನೋವು ಬಂದವರಲ್ಲಿ ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ, ಬೇಕಾಗುವುದು ತಾಳ್ಮೆ.

ಹೆಸರು ಟೆನಿಸ್‌ನದಾದರೂ 1873ರಲ್ಲಿ ಜರ್ಮನ್ ವೈದ್ಯ ರುಂಗೆ ಇದನ್ನು ಮೊದಲು ವರ್ಣಿಸಿದ್ದು ಬರೆಯುವವರ ತೊಂದರೆಯಾಗಿ! ಬಟ್ಟೆ ಹಿಂಡುವವರು, ಬಣ್ಣ ಬಳಿಯುವವರು, ಬಡಗಿಗಳು, ಷಟಲ್ ಆಡುವವರು ಯಾರನ್ನೂ ಇದು ಬಿಡದು.

ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುಗಳು ಮೊಣಕೈ ಹೊರಬದಿಯ ಮೂಳೆಯ ಉಬ್ಬಿಗೆ ಅಂಟಿಕೊಂಡಿವೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದಾಗ ಅಲ್ಲಿನ ಸ್ನಾಯುರಜ್ಜುವಿನ ಎಳೆಗಳು ಸವೆಯುತ್ತವೆ. ದುರಸ್ತಿಗೆ ಬಿಡುವು ಸಿಗದಿದ್ದರೆ ನೋವು ಬೇರೂರುತ್ತದೆ.

ಗುರುತಿಸುವುದು ಹೇಗೆ?

ಆ ಉಬ್ಬನ್ನು ಒತ್ತಿದರೆ ನೋಯುತ್ತದೆ. ನೀರಿನ ಚೊಂಬು ಎತ್ತುವಾಗ, ಬಾಗಿಲ ಹಿಡಿ ತಿರುಗಿಸುವಾಗ ಚಳುಕು ಹೊಡೆಯುತ್ತದೆ. ತೋಳನ್ನು ನೇರ ಚಾಚಿ, ಅಂಗೈ ಕೆಳಮುಖವಾಗಿಸಿ, ಇನ್ನೊಂದು ಕೈಯಿಂದ ಒತ್ತಿ ಹಿಡಿದಿರುವಾಗಲೇ ಮಣಿಕಟ್ಟನ್ನು ಮೇಲೆತ್ತಲು ಯತ್ನಿಸಿ. ಮೊಣಕೈಯ ಹೊರಬದಿಯಲ್ಲಿ ನೋವಾದರೆ ಶಂಕೆ ಬಲವಾಗುತ್ತದೆ.

ಇದು ಹೆಚ್ಚಾಗಿ 30ರಿಂದ 50ರ ವಯಸ್ಸಿನವರ ಸಮಸ್ಯೆ. ಬೆಳೆಯುವ ಮಕ್ಕಳಲ್ಲಿ ಮೊಣಕೈ ನೋವಿಗೆ ಮೂಳೆ ಬೆಳೆಯುವ ಭಾಗಕ್ಕಾದ ಪೆಟ್ಟೂ ಕಾರಣವಾಗಿರಬಹುದು. ಹಾಗಾಗಿ ಪೋಷಕರು ತಾವೇ ಹೆಸರಿಟ್ಟು ಮುಲಾಮು ಹಚ್ಚಿ ಸುಮ್ಮನಾಗಬಾರದು. ಊತ, ಜ್ವರ, ಬೆರಳುಗಳಲ್ಲಿ ಜೋಮು, ಕೈ ಪೂರ್ತಿ ಚಾಚಲಾಗದಿರುವುದು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಚಿಕಿತ್ಸೆ ಏನು?

ಮೊದಲು ನೋವು ತರುವ ಕೆಲಸವನ್ನು ಕಡಿಮೆ ಮಾಡಬೇಕು. ಹಾಗೆಂದು ಕೈಯನ್ನು ಕಟ್ಟಿಹಾಕಬೇಕಿಲ್ಲ. ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷ ಇಟ್ಟರೆ ಹಿತವೆನಿಸುತ್ತದೆ. ಮೊಣಕೈಯ ಕೆಳಗೆ ಕಟ್ಟುವ ಪಟ್ಟಿ ಕೆಲವರಿಗೆ ನೆರವಾಗುತ್ತದೆ. ಮುಖ್ಯವಾದದ್ದು ವ್ಯಾಯಾಮ. ಅಂಗೈ ಕೆಳಮುಖವಾಗಿ ಮುಂಗೈಯನ್ನು ಮೇಜಿನ ಮೇಲಿಟ್ಟು, ಹಸ್ತ ಅಂಚಿನಿಂದ ಹೊರಗಿರುವಂತೆ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿಯಬೇಕು. ಇನ್ನೊಂದು ಕೈಯ ನೆರವಿನಿಂದ ಹಸ್ತವನ್ನು ಮೇಲೆತ್ತಿ, ನಿಧಾನವಾಗಿ ಇಳಿಸಬೇಕು. ಎಷ್ಟು ಬಾರಿ ಎಂಬುದನ್ನು ಫಿಜಿಯೋಥೆರಪಿ ತಜ್ಞರಿಂದ ಕೇಳಿ ತಿಳಿಯುವುದು ಒಳ್ಳೆಯದು. ಫಲ ಕಾಣಲು ವಾರಗಳೇ ಬೇಕು.

‘ಟೂರ್ನಿ ಹತ್ತಿರ ಬಂತು, ಒಂದು ಇಂಜೆಕ್ಷನ್ ಕೊಟ್ಟುಬಿಡಿ’ ಎನ್ನುವವರುಂಟು. ಸ್ಟಿರಾಯ್ಡ್ ಇಂಜೆಕ್ಷನ್ ಕೆಲವು ವಾರ ನೋವನ್ನು ಮರೆಸುತ್ತದೆ, ನಿಜ. ಆದರೆ ಅದನ್ನು ಪಡೆದವರಲ್ಲಿ ಒಂದು ವರ್ಷದ ನಂತರ ಪೂರ್ಣ ಗುಣವಾದವರು ಕಡಿಮೆ, ನೋವು ಮರುಕಳಿಸಿದವರು ಹೆಚ್ಚು ಎಂದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಶಸ್ತ್ರಚಿಕಿತ್ಸೆಯಿಲ್ಲದೆಯೇ ಬಹುಪಾಲು ಜನ ವರ್ಷದೊಳಗೆ ಚೇತರಿಸಿಕೊಳ್ಳುತ್ತಾರೆ.

ಮತ್ತೆ ಆಟಕ್ಕಿಳಿಯುವಾಗ ರಾಕೆಟ್‌ನ ಹಿಡಿ ಕೈಗೆ ಹೊಂದುತ್ತದೆಯೇ, ಬ್ಯಾಕ್‌ಹ್ಯಾಂಡ್ ಹೊಡೆತದಲ್ಲಿ ಭುಜದ ಬದಲು ಮಣಿಕಟ್ಟೇ ದುಡಿಯುತ್ತಿದೆಯೇ ಎಂದು ತರಬೇತುದಾರರಿಂದ ಪರೀಕ್ಷಿಸಿಕೊಳ್ಳಬೇಕು. ನೋವನ್ನು ನುಂಗಿಕೊಂಡು ಆಡುವುದು ಶೌರ್ಯವಲ್ಲ ಎಂದು ಮಕ್ಕಳಿಗೆ ಮನೆಯಲ್ಲಿಯೇ ಹೇಳಿಕೊಡಬೇಕು. ಟೂರ್ನಿ ಮುಂದಿನ ವರ್ಷವೂ ಬರುತ್ತದೆ. ಅದನ್ನು ಆಡಲು ಕೈ ಗಟ್ಟಿಯಾಗಿರಬೇಕಷ್ಟೆ.